ಲಿವರ್‌ನ ಕುಪ್ಫರ್ ಕೋಶ ಯಾರ ಮಾತು ಕೇಳುತ್ತದೆ?

ಕಳೆದ ತಿಂಗಳು ಫ್ಯಾಟಿ ಲಿವರ್ ಬಗ್ಗೆ ಬರೆಯುವಾಗ ನಡುವೆ ಒಂದು ಸಾಲು ಹಾಕಿದ್ದೆ: ಲಿವರ್ ತನ್ನೊಳಗಿನ ರೋಗನಿರೋಧಕ ಕೋಶಗಳನ್ನು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ ಅಂತ. ಲಿವರ್‌ನಲ್ಲಿ ಕಸ ನುಂಗುವ ಕುಪ್ಫರ್ ಕೋಶ ಅಂಥದ್ದೊಂದು. ಪತ್ರ ಜಾಸ್ತಿ ಬಂದದ್ದು ಆ ಸಾಲಿಗೇ. ಏನು ತಿನ್ನಬೇಕು, ಏನು ಬಿಡಬೇಕು ಎಂದು ಕೇಳಿದವರು ಕಡಿಮೆ. ಪೆಥಾಲಜಿ ಕಲಿಸುವವಳಾದ ನನಗೆ ಇದಕ್ಕಿಂತ ಖುಷಿ ಎಂತ ಬೇಕು? ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಪುಸ್ತಕದಲ್ಲಿ ಬಿಳಿರಕ್ತಕಣಗಳೆಲ್ಲ ಅಸ್ಥಿಮಜ್ಜೆಯಲ್ಲಿ ಹುಟ್ಟಿ ರಕ್ತದ ಮೂಲಕ ಎಲ್ಲ ಕಡೆ ಹೋಗುತ್ತವೆ ಎಂದಿದೆ. ಲಿವರ್‌ನ ಕುಪ್ಫರ್ ಕೋಶವೂ ಹಾಗೆಯೇ ಬರುವುದಲ್ವಾ? ಅದಕ್ಕೆ ಬೇರೆ ಹೆಸರು ಯಾಕೆ? (ಬಿ.ಎಸ್ಸಿ. ವಿದ್ಯಾರ್ಥಿನಿ, ಉಡುಪಿ)

ಉತ್ತರ: ಹೆಸರಿನಿಂದಲೇ ಶುರು ಮಾಡೋಣ, ಅದರಲ್ಲಿ ಒಂದು ತಮಾಷೆ ಉಂಟು. 1876ರಲ್ಲಿ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ ಎಂಬ ಅಂಗರಚನಾ ತಜ್ಞ ಲಿವರ್‌ನಲ್ಲಿ ನರಗಳನ್ನು ಹುಡುಕುತ್ತಿದ್ದ. ಅದಕ್ಕಾಗಿ ಲಿವರ್ ತುಂಡಿಗೆ ಗೋಲ್ಡ್ ಕ್ಲೋರೈಡ್ ಬಣ್ಣ ಹಾಕಿದ. ಅವನಿಗೆ ಕಂಡದ್ದು ನಕ್ಷತ್ರದ ಆಕಾರದ ಕೋಶಗಳು. ಸುಮಾರು 20 ವರ್ಷದ ಮೇಲೆ, 1898ರ ಹೊತ್ತಿಗೆ, ಪೋಲಿಷ್ ವಿಜ್ಞಾನಿ ತಾದೇಯುಷ್ ಬ್ರೊವಿಚ್ ಲಿವರ್‌ನ ರಕ್ತನಾಳದೊಳಗೆ ಕೂತು ಕಸ ನುಂಗುವ ಕೋಶಗಳನ್ನು ಸರಿಯಾಗಿ ಗುರುತಿಸಿದ. ಆದರೆ ಕುಪ್ಫರನ ಹೆಸರು ಆ ನುಂಗುವ ಕೋಶಗಳಿಗೇ ಅಂಟಿಕೊಂಡಿತು. ಕೊನೆಗೆ 1971ರಲ್ಲಿ ಜಪಾನಿನ ಕೆಂಜಿರೊ ವಾಕೆ ತೋರಿಸಿದ್ದು ಏನೆಂದರೆ, ಅವತ್ತು ಚಿನ್ನದ ಬಣ್ಣ ಹಿಡಿದದ್ದು ಬೇರೆಯೇ ಕೋಶ, ವಿಟಮಿನ್ ಎ ಶೇಖರಿಸಿಡುವ ಸ್ಟೆಲ್ಲೇಟ್ ಕೋಶ. ಅಂದರೆ ಕುಪ್ಫರ್ ನೋಡಿದ್ದು ಒಂದು, ಅವನ ಹೆಸರು ಹೋಗಿ ಕೂತದ್ದು ಪಕ್ಕದ್ದರ ಮೇಲೆ. ಈ ಸ್ಟೆಲ್ಲೇಟ್ ಕೋಶವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದಿನ ಉತ್ತರದಲ್ಲಿ ಅದಕ್ಕೆ ದೊಡ್ಡ ಕೆಲಸ ಉಂಟು.

ಇನ್ನು ಹುಟ್ಟಿನ ವಿಷಯ. ನಿಮ್ಮ ಪುಸ್ತಕದಲ್ಲಿರುವುದು 1970ರ ದಶಕದಲ್ಲಿ ಗಟ್ಟಿಯಾದ ಅಭಿಪ್ರಾಯ. ರಕ್ತದಲ್ಲಿ ಓಡಾಡುವ, ಬಿಳಿರಕ್ತಕಣಗಳಲ್ಲಿ ಒಂದು ಜಾತಿಯಾದ ಮೊನೊಸೈಟ್‌ಗಳು ಅಂಗಗಳೊಳಗೆ ಇಳಿದು ಕಸ ನುಂಗುವ ಮ್ಯಾಕ್ರೋಫೇಜ್‌ಗಳಾಗುತ್ತವೆ, ಅವು ಸತ್ತಾಗ ಹೊಸ ಮೊನೊಸೈಟ್ ಬರುತ್ತದೆ ಎನ್ನುವುದು. ಕುಪ್ಫರ್ ಕೋಶವೂ ಒಂದು ಮ್ಯಾಕ್ರೋಫೇಜ್. ಕಳೆದ 15 ವರ್ಷಗಳಲ್ಲಿ ಈ ಅಭಿಪ್ರಾಯ ತುಂಬ ಬದಲಾಗಿದೆ. ಇಲಿಗಳಲ್ಲಿ ಕೋಶಗಳಿಗೆ ಗುರುತು ಹಾಕಿ ಹಿಂಬಾಲಿಸಿದಾಗ ಗೊತ್ತಾದದ್ದು ಇಷ್ಟು: ಕುಪ್ಫರ್ ಕೋಶಗಳ ಮೂಲ ಭ್ರೂಣಕ್ಕೆ ಅಂಟಿಕೊಂಡಿರುವ ಯೋಕ್ ಸ್ಯಾಕ್ ಎಂಬ ಚೀಲದಲ್ಲಿದೆ. ಅಲ್ಲಿ ಹುಟ್ಟಿದ ಕೋಶಗಳು ಭ್ರೂಣದ ಲಿವರ್‌ಗೆ ಬಂದು, ಮರಿ ಹುಟ್ಟುವ ಮೊದಲೇ ಅಲ್ಲಿ ನೆಲೆಯಾಗುತ್ತವೆ. ಆಮೇಲೆ ಅಲ್ಲಿಯೇ ಒಡೆದು ಎರಡಾಗಿ ಸಂಖ್ಯೆ ಕಾಯ್ದುಕೊಳ್ಳುತ್ತವೆ. ಲಿವರ್ ಆರೋಗ್ಯವಾಗಿದ್ದರೆ ಅಸ್ಥಿಮಜ್ಜೆಯಿಂದ ಬರುವ ಹೊಸಬರಿಗೆ ಅಲ್ಲಿ ಜಾಗ ಸಿಗುವುದೇ ಅಪರೂಪ. ದೇಹದ ಅಂಗಗಳಲ್ಲಿ ನೆಲೆಸಿರುವ ಮ್ಯಾಕ್ರೋಫೇಜ್‌ಗಳಲ್ಲಿ ಶೇಕಡ 80ರಿಂದ 90ರಷ್ಟು ಲಿವರ್‌ನಲ್ಲೇ ಇವೆ, ಹಾಗಾಗಿ ಇದು ಸಣ್ಣ ತಿದ್ದುಪಡಿ ಅಲ್ಲ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿ ಇದ್ದ ಹಾಗೆ ಬರೆಯಿರಿ, ಮಾರ್ಕ್ ಹೋದರೆ ನನ್ನನ್ನು ಕೇಳಬೇಡಿ.

ಪ್ರಶ್ನೆ: ಕುಂದಾಪುರದ ಹುಡುಗ ಮುಂಬೈಗೆ ಹೋಗಿ ಹೋಟೆಲಿಗೆ ಸೇರಿದರೆ ನಾಲ್ಕು ವರ್ಷದಲ್ಲಿ ಮುಂಬೈಯವನೇ ಆಗಿಬಿಡುತ್ತಾನೆ. ನೀವು ಹೇಳುವುದು ಹಾಗೆಯಾ? ಕೋಶಕ್ಕೆ ಹುಟ್ಟು ಮುಖ್ಯವೋ, ಇರುವ ಜಾಗ ಮುಖ್ಯವೋ? ಜಾಗ ಎಂದರೆ ಅಲ್ಲಿ ಹೇಳಿಕೊಡುವವರು ಯಾರು? (ನಿವೃತ್ತ ಬ್ಯಾಂಕ್ ಉದ್ಯೋಗಿ, ಮಂಗಳೂರು)

ಉತ್ತರ: ಹೋಲಿಕೆ ಚೆನ್ನಾಗಿದೆ, ಒಂದು ಕಡೆ ಮಾತ್ರ ಎಡವುತ್ತದೆ. ಕುಂದಾಪುರದವರು ಮುಂಬೈಯಲ್ಲಿ 40 ವರ್ಷ ಇದ್ದರೂ ಮನೆಗೆ ಫೋನ್ ಮಾಡಿದ ಕೂಡಲೇ ಕುಂದಾಪುರದ ಕನ್ನಡವೇ ಬರುತ್ತದೆ. ಕುಪ್ಫರ್ ಕೋಶಕ್ಕೆ ಅಷ್ಟು ನೆನಪು ಇಲ್ಲ. ಅದನ್ನು ಲಿವರ್‌ನಿಂದ ತೆಗೆದು ಪ್ರಯೋಗಾಲಯದ ತಟ್ಟೆಯಲ್ಲಿ ಇಟ್ಟರೆ, ಊಟ ಉಪಚಾರ ಎಲ್ಲ ಸರಿಯಾಗಿ ಕೊಟ್ಟರೂ, ತಾನು ಲಿವರ್‌ನದ್ದು ಎನ್ನುವ ಗುರುತುಗಳನ್ನು ಬೇಗನೆ ಕಳೆದುಕೊಳ್ಳಲು ಶುರು ಮಾಡುತ್ತದೆ. ನುಂಗುವ ಕೋಶವಾಗಿ ಉಳಿಯುತ್ತದೆ, ಕುಪ್ಫರ್ ಕೋಶವಾಗಿ ಉಳಿಯುವುದಿಲ್ಲ. ಹೇಳುವವರು ದಿನಾಲೂ ಹೇಳುತ್ತಾ ಇರಬೇಕು, ಒಮ್ಮೆ ಕಲಿಸಿ ಬಿಟ್ಟರೆ ಸಾಲದು.

ಹುಟ್ಟೋ ಜಾಗವೋ ಎಂಬುದಕ್ಕೆ ಬೆಲ್ಜಿಯಂನ ಘೆಂಟ್‌ನಲ್ಲಿ ಮಾರ್ಟಿನ್ ಗಿಲಿಯಮ್ಸ್ ಅವರ ತಂಡ ಮಾಡಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. 2016ರಲ್ಲಿ ಪ್ರಕಟವಾಯಿತು. ಇಲಿಯ ದೇಹಕ್ಕೆ ಡಿಫ್ತೀರಿಯಾ ವಿಷ ಹೆಚ್ಚೇನೂ ತಾಗುವುದಿಲ್ಲ, ಮನುಷ್ಯರಿಗೆ ತಾಗುತ್ತದೆ, ಯಾಕೆಂದರೆ ನಮ್ಮ ಕೋಶಗಳ ಮೇಲೆ ಆ ವಿಷ ಹಿಡಿದುಕೊಳ್ಳುವ ಗ್ರಾಹಕ (ರಿಸೆಪ್ಟರ್) ಉಂಟು. ಇಲಿಯ ಕುಪ್ಫರ್ ಕೋಶ ಮಾತ್ರ ಬಳಸುವ ಒಂದು ಜೀನ್ ಇದೆ, ಕ್ಲೆಕ್4ಎಫ್ ಅಂತ. ಆ ಜೀನ್ ನಡೆಯುವ ಕಡೆ ಮಾತ್ರ ಈ ಗ್ರಾಹಕ ಬರುವಂತೆ ಇಲಿಯ ತಳಿಯನ್ನೇ ಮಾಡಿದರು. ಆಮೇಲೆ ವಿಷ ಕೊಟ್ಟರೆ ಸಾಯುವುದು ಕುಪ್ಫರ್ ಕೋಶ ಮಾತ್ರ, ಉಳಿದ ಲಿವರ್ ಹಾಗೇ ಇರುತ್ತದೆ. ಜಾಗ ಖಾಲಿಯಾಯಿತಲ್ಲ, ರಕ್ತದಲ್ಲಿ ಹೋಗುತ್ತಿದ್ದ ಮೊನೊಸೈಟ್‌ಗಳು ಬಂದು ಕೂತವು. ಅವು ಅಸ್ಥಿಮಜ್ಜೆಯವು, ಯೋಕ್ ಸ್ಯಾಕ್‌ಗೂ ಅವಕ್ಕೂ ಸಂಬಂಧವೇ ಇಲ್ಲ. ಆದರೂ ಕೆಲವೇ ದಿನಗಳಲ್ಲಿ ಕುಪ್ಫರ್ ಕೋಶದ ಗುರುತುಗಳು ಅವುಗಳ ಮೇಲೆ ಬರಲು ಶುರುವಾದವು. ಸ್ವಲ್ಪ ಕಾಲ ಕಳೆದ ಮೇಲೆ ಯಾವ ಜೀನ್ ಎಷ್ಟು ನಡೆಯುತ್ತದೆ ಎಂದು ಪಟ್ಟಿ ಮಾಡಿ ನೋಡಿದರೆ ಹಳಬರಿಗೂ ಹೊಸಬರಿಗೂ ಹೆಚ್ಚು ಕಡಿಮೆ ವ್ಯತ್ಯಾಸವೇ ಇಲ್ಲ. ಟಿಮ್4 ಎಂಬ ಒಂದು ಗುರುತು ಮಾತ್ರ ತಡವಾಗಿ ಬರುತ್ತದೆ. ಹುಟ್ಟಿನ ಪಕ್ಷದವರು ಇವತ್ತಿಗೂ ಅದನ್ನು ಹಿಡಿದು ವಾದ ಮಾಡುತ್ತಾರೆ, ಮಾಡಲಿ.

ಹೇಳಿಕೊಡುವವರು ಯಾರು ಅಂತ ಕೇಳಿದ್ದೀರಿ, ಅದಕ್ಕೆ ಲಿವರ್ ಒಳಗೆ ಸ್ವಲ್ಪ ಇಣುಕಬೇಕು. ಕೋಳಿ ಅಂಗಡಿಯಲ್ಲಿ ಲಿವರ್ ಕೊಯ್ಯುವಾಗ ನೋಡಿ, ಎಲ್ಲಿ ಚೂರಿ ಇಟ್ಟರೂ ರಕ್ತ ಜಿನುಗುತ್ತದೆ. ದೊಡ್ಡ ರಕ್ತನಾಳ ತುಂಡಾಗಬೇಕೆಂದೇ ಇಲ್ಲ, ಯಾಕೆಂದರೆ ಇಡೀ ಲಿವರ್‌ನಲ್ಲಿ ಸೈನುಸಾಯ್ಡ್ ಎಂಬ ಸಪೂರ ರಕ್ತನಾಳಗಳು ತುಂಬಿವೆ, ಕೆಂಪು ರಕ್ತಕಣ ಒಂದರ ಹಿಂದೆ ಒಂದು ಮೈ ಉಜ್ಜಿಕೊಂಡು ಹೋಗಬೇಕು, ಅಷ್ಟು ಸಪೂರ. ಅದರ ಗೋಡೆಯ ಕೋಶಗಳಲ್ಲಿ ಸಣ್ಣ ಸಣ್ಣ ತೂತುಗಳಿವೆ. ಗೋಡೆಯ ಆಚೆ ಕೂದಲೆಳೆಗಿಂತಲೂ ಎಷ್ಟೋ ಕಿರಿದಾದ ಒಂದು ಸಂದು, ಆ ಸಂದಿನಲ್ಲಿ ಸ್ಟೆಲ್ಲೇಟ್ ಕೋಶ, ಅದರಾಚೆ ಲಿವರ್‌ನ ಮುಖ್ಯ ಕೆಲಸ ಮಾಡುವ ಹೆಪಟೋಸೈಟ್. ಕುಪ್ಫರ್ ಕೋಶ ಕೂತಿರುವುದು ರಕ್ತನಾಳದ ಒಳಗೆ, ಹರಿಯುವ ರಕ್ತದಲ್ಲಿ. ನಾವೆಲ್ಲ ಎಷ್ಟೋ ಕಾಲ ಅದು ಒಳಗೆ ಮಾತ್ರ ಇದೆ ಎಂದುಕೊಂಡಿದ್ದೆವು. ಹತ್ತಿರದಿಂದ ನೋಡಿದರೆ ಅದು ಗೋಡೆಯ ಆಚೆಗೂ ಕೈ ಚಾಚಿ ಸ್ಟೆಲ್ಲೇಟ್ ಕೋಶವನ್ನೂ ಹೆಪಟೋಸೈಟನ್ನೂ ಮುಟ್ಟಿಕೊಂಡಿರುತ್ತದೆ. ಮೈ ರಕ್ತದಲ್ಲಿ, ಕೈ ಗೋಡೆಯ ಆಚೆ.

ಈ ಮೂರು ನೆರೆಯವರೇ ಹೇಳಿಕೊಡುವವರು. 2019ರಲ್ಲಿ ಘೆಂಟ್ ತಂಡ ಮತ್ತು ಸ್ಯಾನ್ ಡಿಯಾಗೊದ ಕ್ರಿಸ್ಟೋಫರ್ ಗ್ಲಾಸ್ ಅವರ ತಂಡ ಬೇರೆ ಬೇರೆಯಾಗಿ ಇದನ್ನು ಬಿಡಿಸಿ ಇಟ್ಟವು. ಕುಪ್ಫರ್ ಕೋಶ ಸತ್ತಾಗ ಟಿಎನ್ಎಫ್, ಐಎಲ್-1 ಎಂಬ ಉರಿಯೂತದ ಸಂಕೇತಗಳು ಗೋಡೆಯ ಕೋಶಕ್ಕೂ ಸ್ಟೆಲ್ಲೇಟ್ ಕೋಶಕ್ಕೂ ತಲುಪುತ್ತವೆ. ಗೋಡೆ ಅಂಟಂಟಾಗುತ್ತದೆ, ಹಾದು ಹೋಗುವ ಮೊನೊಸೈಟ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಮೇಲೆ ಗೋಡೆಯ ಕೋಶದ ಮೇಲಿರುವ ಡಿಎಲ್ಎಲ್4 ಎಂಬ ಪ್ರೋಟೀನ್ ಮೊನೊಸೈಟ್‌ನ ನಾಚ್ ಎಂಬ ಗ್ರಾಹಕವನ್ನು ಒತ್ತುತ್ತದೆ. ಅದರ ಜೊತೆಗೆ ಟಿಜಿಎಫ್-ಬೀಟಾ ಕುಟುಂಬದ ಸಂಕೇತಗಳು ಬರುತ್ತವೆ. ಡೆಸ್ಮೊಸ್ಟೆರಾಲ್ ಎಂಬ ಕೊಲೆಸ್ಟೆರಾಲ್‌ನ ಹತ್ತಿರದ ನೆಂಟ ಒಂದು ಉಂಟು, ಅದೂ ಸೇರುತ್ತದೆ. ಇಷ್ಟೆಲ್ಲ ಸೇರಿ ಕೋಶದೊಳಗೆ ಎಲ್ಎಕ್ಸ್ಆರ್-ಆಲ್ಫಾ ಎಂಬ ಪ್ರೋಟೀನನ್ನು ಎಬ್ಬಿಸುತ್ತವೆ. ಡಿಎನ್ಎ ಎಲ್ಲ ಕೋಶದಲ್ಲೂ ಒಂದೇ ಅಲ್ವಾ, ಅದರಲ್ಲಿ ಯಾವ ಭಾಗ ತೆರೆದುಕೊಂಡು ಕೆಲಸಕ್ಕೆ ಸಿಗಬೇಕು ಎಂದು ನಿರ್ಧರಿಸುವುದು ಇಂಥ ಪ್ರೋಟೀನ್‌ಗಳು. ಕುಪ್ಫರ್ ಕೋಶದಿಂದ ಎಲ್ಎಕ್ಸ್ಆರ್-ಆಲ್ಫಾ ತೆಗೆದುಬಿಟ್ಟರೆ ಅದು ಲಿವರ್‌ನಲ್ಲೇ ಕೂತಿದ್ದರೂ ತನ್ನ ಗುರುತು ಕಳೆದುಕೊಳ್ಳುತ್ತದೆ.

ಈಗ ಸ್ಟೆಲ್ಲೇಟ್ ಕೋಶದ ತಮಾಷೆ ಪೂರ್ತಿಯಾಯಿತು ನೋಡಿ. ಅವತ್ತು ಕುಪ್ಫರನ ಕಣ್ಣಿಗೆ ಬಿದ್ದ ಕೋಶವೇ ಇವತ್ತು ಕುಪ್ಫರ್ ಕೋಶಕ್ಕೆ ನೀನು ಯಾರು ಎಂದು ಹೇಳಿಕೊಡುವವರಲ್ಲಿ ಒಂದು.

ಪ್ರಶ್ನೆ: ಬೇರೆ ಅಂಗಗಳಲ್ಲೂ ಹೀಗೆಯಾ? (ಹೈಸ್ಕೂಲ್ ಶಿಕ್ಷಕರು, ಕಾರ್ಕಳ)

ಉತ್ತರ: ಹೌದು ಸರ್. ಶ್ವಾಸಕೋಶದಲ್ಲಿ ಜಿಎಂ-ಸಿಎಸ್ಎಫ್ ಎಂಬ ಸಂಕೇತ, ಹೊಟ್ಟೆಯ ಪೊರೆಯಲ್ಲಿ ವಿಟಮಿನ್ ಎಯಿಂದ ಬರುವ ರೆಟಿನೋಯಿಕ್ ಆಮ್ಲ, ಸ್ಪ್ಲೀನ್‌ನಲ್ಲಿ ಒಡೆದ ಕೆಂಪು ರಕ್ತಕಣದ ಹೀಮ್ ಎಂಬ ಕಬ್ಬಿಣ ಇರುವ ಭಾಗ. ಒಂದೊಂದು ಅಂಗ ಒಂದೊಂದು ಹೇಳುತ್ತದೆ. 2014ರಲ್ಲಿ ಹೊಟ್ಟೆಯ ಪೊರೆಯಿಂದ ಪೂರ್ತಿ ಬೆಳೆದ ಮ್ಯಾಕ್ರೋಫೇಜ್ ತೆಗೆದು ಇನ್ನೊಂದು ಇಲಿಯ ಶ್ವಾಸಕೋಶಕ್ಕೆ ಹಾಕಿ ನೋಡಿದರು. ಅದು ಬಹುಮಟ್ಟಿಗೆ ಶ್ವಾಸಕೋಶದ ಮ್ಯಾಕ್ರೋಫೇಜ್ ಥರ ಬದಲಾಯಿತು. ಮಕ್ಕಳಿಗೆ ಹೇಳುವಾಗ ಇದೊಂದು ಸಾಕು.

ಪ್ರಶ್ನೆ: ನನ್ನ ಮಾವನವರಿಗೆ ಅವರ ತಮ್ಮ ಲಿವರ್‌ನ ಭಾಗ ಕೊಟ್ಟಿದ್ದಾರೆ. ಈಗ ಇಬ್ಬರೂ ಆರಾಮ ಇದ್ದಾರೆ. ಆ ಲಿವರ್ ಒಳಗಿನ ರೋಗನಿರೋಧಕ ಕೋಶಗಳು ಯಾರವು, ಮಾವನದ್ದಾ ಚಿಕ್ಕಮಾವನದ್ದಾ? (ಗೃಹಿಣಿ, ಮೂಡುಬಿದಿರೆ)

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ ಮಾರಾಯ್ರೆ! ಉತ್ತರ, ಇಬ್ಬರದ್ದೂ.

ಕುಪ್ಫರ್ ಕೋಶಗಳ ವಿಷಯದಲ್ಲಿ ನಿಧಾನಕ್ಕೆ ಮಾವನವರ ಪಾಲು ಜಾಸ್ತಿಯಾಗುತ್ತಾ ಹೋಗುತ್ತದೆ. ಲಿವರ್ ತೆಗೆದು, ತಣ್ಣಗೆ ಇಟ್ಟು, ಮತ್ತೆ ರಕ್ತ ಹರಿಸುವಷ್ಟರಲ್ಲಿ ಒಂದಷ್ಟು ಕುಪ್ಫರ್ ಕೋಶಗಳು ಸಾಯುತ್ತವೆ, ಆಮೇಲೂ ಸಾಯುತ್ತವೆ. ಖಾಲಿಯಾದ ಜಾಗಕ್ಕೆ ಮಾವನವರ ರಕ್ತದ ಮೊನೊಸೈಟ್ ಬಂದು ಕೂರುತ್ತದೆ. ಗೋಡೆ ಚಿಕ್ಕಮಾವನವರದ್ದು, ಸ್ಟೆಲ್ಲೇಟ್ ಕೋಶ ಅವರದ್ದು, ಹೆಪಟೋಸೈಟ್ ಅವರದ್ದು, ಅವೆಲ್ಲ ಸೇರಿ ಮಾವನವರ ಕೋಶಕ್ಕೆ ಲಿವರ್ ಕೆಲಸ ಕಲಿಸುತ್ತವೆ. ಮೇಲೆ ಇಲಿಯಲ್ಲಿ ವಿಷ ಕೊಟ್ಟು ಮಾಡಿದ್ದು ಇಲ್ಲಿ ಆಪರೇಷನ್ ಥಿಯೇಟರ್‌ನಲ್ಲಿ ತಾನಾಗಿ ಆಗುತ್ತದೆ.

ಆದರೆ ಲಿವರ್‌ನಲ್ಲಿ ಬೇರೆ ಕೋಶಗಳೂ ಇವೆ. ಎನ್‌ಕೆ ಕೋಶ ಎಂಬ ಒಂದು ಜಾತಿ ಲಿಂಫೋಸೈಟ್ ಇದೆ, ಅದೂ ಬಿಳಿರಕ್ತಕಣವೇ. ಅದರಲ್ಲಿ ಕೆಲವು ರಕ್ತಕ್ಕೆ ಮರಳದೆ ಲಿವರ್‌ನಲ್ಲೇ ಉಳಿದುಬಿಡುತ್ತವೆ. ಲಂಡನ್ನಿನಲ್ಲಿ ಕಸಿಯಾದ ಲಿವರ್‌ಗಳನ್ನು ಪರೀಕ್ಷಿಸಿದಾಗ, ದಾನಿಯ ಎನ್‌ಕೆ ಕೋಶಗಳು 13 ವರ್ಷ ಕಳೆದರೂ ಅಲ್ಲಿ ಕಂಡವು. ಲಿವರ್‌ನಲ್ಲಿ ನೆಲೆಸುವ ಟಿ ಕೋಶಗಳೂ ಹೀಗೆ 11 ವರ್ಷ ಉಳಿದದ್ದು ಸಿಕ್ಕಿದೆ. ಹಾಗಾಗಿ ಚಿಕ್ಕಮಾವನವರ ಸ್ವಲ್ಪ ಕೋಶಗಳು ಮಾವನವರೊಳಗೆ ಬಹಳ ವರ್ಷ ಇರುವ ಸಾಧ್ಯತೆ ಉಂಟು.

ಇನ್ನೊಂದು ಮಾತು. ಲಿವರ್ ಉಳಿದ ಅಂಗಗಳ ಹಾಗೆ ಜಗಳಗಂಟಿ ಅಲ್ಲ. 1969ರಲ್ಲಿ ಇಂಗ್ಲೆಂಡಿನ ಸರ್ಜನ್ ರಾಯ್ ಕಾನ್ ಮತ್ತು ಜೊತೆಗಾರರು ಹಂದಿಗಳಲ್ಲಿ ಲಿವರ್ ಕಸಿ ಮಾಡಿದಾಗ, ಹಲವು ಹಂದಿಗಳು ಔಷಧಿ ಇಲ್ಲದೆಯೇ ಬೇರೆ ಹಂದಿಯ ಲಿವರನ್ನು ಒಪ್ಪಿಕೊಂಡಿದ್ದವು. ಇದನ್ನು ಓದಿ ಮಾವನವರು ಮಾತ್ರೆ ಬಿಟ್ಟಾರು ಎನ್ನುವ ಹೆದರಿಕೆ ನನಗೆ. ದಯವಿಟ್ಟು ಬಿಡಬಾರದು ಎಂದು ಹೇಳಿ. ಮನುಷ್ಯರಲ್ಲಿ ಕೆಲವರಿಗೆ ಮಾತ್ರ ಡೋಸ್ ಕಡಿಮೆ ಮಾಡಲು ಆಗುತ್ತದೆ, ಅದನ್ನು ಕಸಿ ಮಾಡಿದ ಡಾಕ್ಟ್ರೇ ನೋಡಿ ಹೇಳಬೇಕು.

ಪ್ರಶ್ನೆ: ಮಂಗಳೂರಿನಲ್ಲಿ ಮಲೇರಿಯ ಬಂದವರಿಗೆ ಅದು ಲಿವರ್‌ಗೆ ಹೋಗಿ ಅಡಗುತ್ತದೆ ಎನ್ನುತ್ತಾರೆ. ಅಷ್ಟು ಕಾವಲು ಇದ್ದೂ ಒಳಗೆ ಹೋಗುವುದು ಹೇಗೆ? (ಕಟ್ಟಡ ಕಂಟ್ರಾಕ್ಟರ್, ಸುರತ್ಕಲ್)

ಉತ್ತರ: ಕಾವಲುಗಾರನ ಮೈಯೊಳಗಿಂದಲೇ! ಸೊಳ್ಳೆ ಕಚ್ಚಿದಾಗ ಚರ್ಮಕ್ಕೆ ಇಳಿಯುವ ಸ್ಪೊರೊಜೊಯ್ಟ್ (ಸೊಳ್ಳೆಯಿಂದ ಬರುವ ಮಲೇರಿಯ ಪರಾವಲಂಬಿ) ರಕ್ತ ಸೇರಿ ಲಿವರ್‌ಗೆ ಬರುತ್ತದೆ. ಸೈನುಸಾಯ್ಡ್ ಗೋಡೆ ದಾಟಿ ಹೆಪಟೋಸೈಟ್ ಸೇರಬೇಕು. ಅದು ಹಲವು ಸಲ ಕುಪ್ಫರ್ ಕೋಶದ ಮೂಲಕವೇ ದಾಟುತ್ತದೆ, ಮತ್ತು ತನ್ನ ಮೈಮೇಲಿನ ಪ್ರೋಟೀನ್‌ನಿಂದ ಆ ಕೋಶದ ಕೊಲ್ಲುವ ವ್ಯವಸ್ಥೆಯನ್ನು ತಡೆಹಿಡಿಯುತ್ತದೆ. ಕರುಳಿನಿಂದ ಇಡೀ ದಿನ ಬ್ಯಾಕ್ಟೀರಿಯಾದ ಚೂರು, ಆಹಾರದ ಚೂರು ಬರುತ್ತಾ ಇರುವ ಜಾಗದಲ್ಲಿ ಕುಪ್ಫರ್ ಕೋಶ ಪ್ರತಿಯೊಂದಕ್ಕೂ ಸಿಟ್ಟಾಗಿ ಹಾರಿದರೆ ಲಿವರ್ ಉಳಿಯುವುದಿಲ್ಲ, ಅದಕ್ಕೆ ಲಿವರ್ ಅದನ್ನು ತಾಳ್ಮೆಯವನನ್ನಾಗಿ ಮಾಡಿಟ್ಟಿದೆ. ಮಲೇರಿಯಕ್ಕೂ ಈ ತಾಳ್ಮೆಯಿಂದ ಅನುಕೂಲವಾಗುತ್ತದೆ ಎಂದು ನನ್ನ ಅನಿಸಿಕೆ.

ವೈವ್ಯಾಕ್ಸ್ ಎಂಬ ಜಾತಿಯ ಮಲೇರಿಯದಲ್ಲಿ ಕೆಲವು ಪರಾವಲಂಬಿಗಳು ಹೆಪಟೋಸೈಟ್‌ನಲ್ಲಿ ತಿಂಗಳುಗಟ್ಟಲೆ ಮಲಗಿರುತ್ತವೆ. ಪ್ರಿಮಾಕ್ವಿನ್ ಮಾತ್ರೆ ಕೊಡುವುದು ಅವನ್ನು ಕೊಲ್ಲಲಿಕ್ಕೆ. ಸಾಮಾನ್ಯವಾಗಿ 14 ದಿನ. ಜ್ವರ ಮೂರು ದಿನಕ್ಕೆ ನಿಂತಿತು ಎಂದು ನಿಮ್ಮ ಸೈಟಿನ ಹುಡುಗರು ಮಾತ್ರೆ ಅಲ್ಲಿಗೇ ಬಿಟ್ಟರೆ ಜ್ವರ ಮತ್ತೆ ಬರಬಹುದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಈ ಮಾತ್ರೆ ಅಪಾಯ, ಹಾಗಾಗಿ ಡಾಕ್ಟ್ರ ಮಾತಿನ ಪ್ರಕಾರವೇ ತೆಗೆದುಕೊಳ್ಳಬೇಕು. ಮತ್ತೆ, ಸೈಟಿನಲ್ಲಿ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು ಎಷ್ಟು ದಿನದಿಂದ ನಿಂತಿದೆ ಎಂದು ಒಮ್ಮೆ ನೋಡಿ. ಬೈಯುವುದಲ್ಲ, ಸುಮ್ನೆ ಹೇಳಿದೆ.

ಪ್ರಶ್ನೆ: ಬೆಳಿಗ್ಗೆ ಖಾಲಿ ಹೊಟ್ಟೆಗೆ ಲಿವರ್ ಡಿಟಾಕ್ಸ್ ಜ್ಯೂಸ್ ಕುಡಿದರೆ ಈ ಕೋಶಗಳು ಕ್ಲೀನ್ ಆಗುತ್ತವಾ? (ಮಲ್ಪೆ)

ಉತ್ತರ: ಇಲ್ಲ. ಕ್ಲೀನ್ ಮಾಡುವ ಕೆಲಸ ಅವುಗಳದ್ದೇ. ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ರಕ್ತನಾಳದಲ್ಲಿ ಬರುತ್ತದೆ. 2021ರಲ್ಲಿ ಅಮೆರಿಕದ ರೊನಾಲ್ಡ್ ಜರ್ಮೇನ್ ತಂಡ ತೋರಿಸಿದ ಪ್ರಕಾರ, ಕುಪ್ಫರ್ ಕೋಶಗಳು ಲಿವರ್‌ನಲ್ಲಿ ಎಲ್ಲ ಕಡೆ ಸಮವಾಗಿ ಹರಡಿಲ್ಲ. ಆ ರಕ್ತ ಒಳಗೆ ಬರುವ ಕಡೆ ದಟ್ಟವಾಗಿ ಸೇರಿವೆ. ಹಾಗೆ ಸೇರಿಸುವುದು ಕರುಳಿನ ಬ್ಯಾಕ್ಟೀರಿಯಾದ ಸುಳಿವು. ಆ್ಯಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ಕೊಂದ ಇಲಿಗಳಲ್ಲಿ ಈ ಜೋಡಣೆ ಕೆಡುತ್ತದೆ. ಜ್ಯೂಸ್ ರುಚಿಯಾಗಿದ್ದರೆ ಕುಡಿಯಿರಿ. ಸಕ್ಕರೆ ಬೇಡ.

ಪ್ರಶ್ನೆ: ಫ್ಯಾಟಿ ಲಿವರ್ ಗ್ರೇಡ್ 2 ಎಂದಿದ್ದಾರೆ. ನೀವು ಹೇಳುವ ಈ ನೆರೆಹೊರೆಯಲ್ಲಿ ಏನಾಗುತ್ತಿರಬಹುದು? ಇದಕ್ಕೆ ಕೋಶವನ್ನೇ ಹೊರಗಿಂದ ಹಾಕುವ ಚಿಕಿತ್ಸೆ ಇದೆಯಾ? (ಬಸ್ ಏಜೆಂಟ್, ಬಂಟ್ವಾಳ, ಇಂಥದ್ದೇ ಪ್ರಶ್ನೆ ಕಾಪು, ಬ್ರಹ್ಮಾವರದಿಂದಲೂ)

ಉತ್ತರ: ಗ್ರೇಡ್ 2 ಎಂದರೆ ಸ್ಕ್ಯಾನ್‌ನಲ್ಲಿ ಕೊಬ್ಬು ಮಧ್ಯಮ ಮಟ್ಟದಲ್ಲಿ ಕಂಡಿದೆ ಅಂತ. ಉರಿಯೂತ ಎಷ್ಟು, ಗಾಯದ ಕಲೆ ಕಟ್ಟಿದೆಯಾ ಎಂದು ಅದೊಂದರಿಂದ ಗೊತ್ತಾಗುವುದಿಲ್ಲ, ಅದನ್ನು ಡಾಕ್ಟ್ರ ಹತ್ತಿರ ಕೇಳಿ.

ಒಳಗೆ ಆಗುವುದು ಇಷ್ಟು. ಕೊಬ್ಬು ಜಾಸ್ತಿಯಾಗಿ ಉರಿಯೂತ ಶುರುವಾದಾಗ ಹಳೆಯ ಕುಪ್ಫರ್ ಕೋಶಗಳು ಒಂದೊಂದಾಗಿ ಸಾಯುತ್ತವೆ. ಜಾಗಕ್ಕೆ ಮೊನೊಸೈಟ್ ಬರುತ್ತದೆ. ಆದರೆ ಘೆಂಟ್‌ನ ಇಲಿಗಳಲ್ಲಿ ನೆರೆಹೊರೆ ಚೆನ್ನಾಗಿತ್ತು, ಇಲ್ಲಿ ಅದೇ ಹಾಳಾಗಿದೆ. ಹೆಪಟೋಸೈಟ್ ಕೊಬ್ಬಿನಿಂದ ಉಬ್ಬಿಕೊಂಡಿದೆ, ಸ್ಟೆಲ್ಲೇಟ್ ಕೋಶ ತನ್ನ ವಿಟಮಿನ್ ಎ ಬಿಟ್ಟುಕೊಟ್ಟು ಗಾಯದ ಕಲೆ ಕಟ್ಟುವ ಕೊಲಾಜೆನ್ ಸುರಿಯಲು ಶುರು ಮಾಡಿದೆ. ಇಂಥವರ ನಡುವೆ ಬಂದ ಹೊಸ ಕೋಶಗಳಲ್ಲಿ ಕೆಲವು ಕುಪ್ಫರ್ ಕೋಶ ಆಗುತ್ತವೆ, ಕೆಲವು ಟ್ರೆಮ್2 ಎಂಬ ಗುರುತು ಇರುವ ಬೇರೆಯೇ ಜಾತಿ ಆಗುತ್ತವೆ. 2019ರಲ್ಲಿ ಎಡಿನ್‌ಬರ್ಗ್‌ನವರು ಮನುಷ್ಯರ ಸಿರೋಸಿಸ್ ಲಿವರನ್ನು, ಅಂದರೆ ಕಲೆ ಕಟ್ಟಿ ಗಟ್ಟಿಯಾದ ಲಿವರನ್ನು, ಕೋಶ ಕೋಶ ಬಿಡಿಸಿ ನೋಡಿದಾಗ ಗಾಯದ ಕಲೆಯ ಪಕ್ಕದಲ್ಲೇ ಇಂಥವು ಗುಂಪು ಕಟ್ಟಿಕೊಂಡಿದ್ದವು. ಇವು ಕೆಟ್ಟವು ಎಂದು ಒಂದೇ ಮಾತಿನಲ್ಲಿ ಹೇಳಲಿಕ್ಕಾಗುವುದಿಲ್ಲ. ಸತ್ತ ಕೋಶ, ಕೊಬ್ಬು ನುಂಗಿ ಉಪಕಾರವನ್ನೂ ಮಾಡುತ್ತವೆ, ಸ್ಟೆಲ್ಲೇಟ್ ಕೋಶವನ್ನು ಕೆಣಕಿ ಕಲೆಯನ್ನೂ ಬೆಳೆಸುತ್ತವೆ.

ಕೋಶ ಹಾಕುವ ಚಿಕಿತ್ಸೆಯ ಪ್ರಯತ್ನವೂ ಎಡಿನ್‌ಬರ್ಗ್‌ನಲ್ಲೇ ನಡೆದಿದೆ. ಸಿರೋಸಿಸ್ ಇದ್ದವರ ರಕ್ತದಿಂದಲೇ ಮೊನೊಸೈಟ್ ತೆಗೆದು, ಹೊರಗೆ ಮ್ಯಾಕ್ರೋಫೇಜ್ ಆಗಿ ಬೆಳೆಸಿ, ಅವರಿಗೇ ಮರಳಿ ಕೊಡುವುದು. 2019ರಲ್ಲಿ ಪ್ರಕಟವಾದ ಮೊದಲ ಹಂತದಲ್ಲಿ 9 ಮಂದಿಗೆ ಕೊಟ್ಟು, ಅಪಾಯ ಇಲ್ಲ ಎಂದು ನೋಡಿದರು. ಅದು ಸಿರೋಸಿಸ್‌ಗೆ, ನಿಮ್ಮ ಹಂತಕ್ಕಲ್ಲ. ನನಗೆ ಅದರಲ್ಲಿ ಕುತೂಹಲ ಇರುವುದು ಒಂದೇ ವಿಷಯಕ್ಕೆ: ಹೊರಗೆ ಎಷ್ಟೇ ಚೆನ್ನಾಗಿ ತಯಾರು ಮಾಡಿ ಕಳಿಸಿದರೂ, ಕಲೆ ಕಟ್ಟಿದ ಲಿವರ್ ಒಳಗೆ ಹೋದ ಮೇಲೆ ಅದು ಅಲ್ಲಿನವರ ಮಾತನ್ನೇ ಕೇಳಲಿಕ್ಕೆ ಶುರು ಮಾಡಿದರೆ?

ನಿಮ್ಮ ಹಂತದಲ್ಲಿ ನೆರೆಹೊರೆಯನ್ನೇ ಸರಿ ಮಾಡುವ ದಾರಿ ಇನ್ನೂ ಉಂಟು. ತೂಕ ಜಾಸ್ತಿ ಇದ್ದರೆ ಅದರಲ್ಲಿ ಶೇಕಡ 7ರಿಂದ 10ರಷ್ಟು ಇಳಿಸಿದರೆ ಕೊಬ್ಬಷ್ಟೇ ಅಲ್ಲ, ಉರಿಯೂತವೂ ಇಳಿಯುತ್ತದೆ ಎಂದು ಚೆನ್ನಾಗಿ ಗೊತ್ತಾಗಿದೆ. 80 ಕೆಜಿ ಇದ್ದರೆ 6ರಿಂದ 8 ಕೆಜಿ. ಒಂದೇ ತಿಂಗಳಲ್ಲಿ ಇಳಿಸಲು ಹೋಗಬೇಡಿ. ಕುಡಿಯುವ ಅಭ್ಯಾಸ ಇದ್ದರೆ ಪೂರ್ತಿ ನಿಲ್ಲಿಸಿ, ಶುಗರ್ ಪರೀಕ್ಷೆ ಮಾಡಿಸಿ. ಬಸ್ ಸ್ಟ್ಯಾಂಡಿನಲ್ಲಿ ಇಡೀ ದಿನ ನಿಂತಿರುತ್ತೇನೆ, ಅದೇ ವ್ಯಾಯಾಮ ಅಲ್ವಾ ಎಂದು ಬರೆದಿದ್ದೀರಿ. ಅಲ್ಲ, ನಡೆಯಬೇಕು. ಸಂಜೆ ಚಹಾದ ಜೊತೆ ಗೋಳಿಬಜೆ ದಿನಾಲೂ ಎಂದೂ ಬರೆದಿದ್ದೀರಿ. ಅದು ವಾರಕ್ಕೊಮ್ಮೆ ಸಾಕು.